ನೊಣದ ನಂಟು

ಕಾಂಪೊ ಗ್ರಾಂಡೆಯ ನಮ್ಮ ಆಸ್ಪತ್ರೆಯಲ್ಲಿ ಈ ಬೇನೆಗೆ
ಕಾಡುಬೆಂಕಿ ಅಂತಲೇ ಹೆಸರು.
ನಾನು ರಾತ್ರಿಪಾಳಿಯ ದಾದಿ, ಇಪ್ಪತ್ತಾರು ವರ್ಷದಿಂದ.
ಹೊಗೆಯನ್ನು ಒಮ್ಮೆಯೂ ಕಂಡಿಲ್ಲ,
ಸುಟ್ಟ ಬೆನ್ನುಗಳನ್ನು ಕಂಡಿದ್ದೇನೆ.

ಡೋರ್ವಲಿನಾ ಬಂದದ್ದು ಮೆಕ್ಕೆಜೋಳದ ಕೊಯ್ಲಿಗೆ ಮುಂಚೆ,
ತೆರೇನಾ ಜನರ ಹಳ್ಳಿಯಿಂದ, ಬಸ್ಸಿನಲ್ಲಿ, ನಿಂತುಕೊಂಡೇ.
ಸೀಟಿಗೆ ಒರಗಿದ್ದರೆ
ಅರ್ಧ ಬೆನ್ನು ಸೀಟಿನದಾಗುತ್ತಿತ್ತು.
ಹಾಸಿಗೆಬಟ್ಟೆ ಅಂಟಿತು. ಪಟ್ಟಿಯ ಬಟ್ಟೆಯೂ ಅಂಟಿತು.
ಕೊನೆಗೆ, ಹಳಬರು ಮಾಡುತ್ತಿದ್ದ ಹಾಗೆ,
ಹಿತ್ತಲಿನಿಂದ ಬಾಳೆಲೆ ಕೊಯ್ದು ತಂದೆ,
ತೊಳೆದು, ಎಣ್ಣೆ ಸವರಿ, ಹಾಸಿದೆ.
ಪಂಕ್ತಿಯಲ್ಲಿ ಎಲೆಯ ಮುಂದೆ ಕೂತವರಂತೆ
ಅವಳು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು.
ಆಮೇಲೆ ಅದರ ಮೇಲೆ
ತನ್ನನ್ನು ತಾನೇ ಬಡಿಸಿಕೊಂಡಳು.

ಡಾಕ್ಟರ್ ಇಟಾಮಾರ್ ನನಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು:
ಅವಳ ಚರ್ಮದ ಚೂರು, ಕತ್ತಲು,
ಕತ್ತಲಲ್ಲಿ ಹಸಿರು ಬಲೆ.
ಕೋಶಕೋಶದ ನಡುವೆ ಗೆರೆಗೆರೆಯೂ ಹೊತ್ತಿಕೊಂಡಿತ್ತು.
ಎಷ್ಟು ಚೆಂದ, ಎಂದುಬಿಟ್ಟೆ ಬಾಯಿತಪ್ಪಿ.

ಅವಳಿಗೆ ಹೀಗೆ ಹೇಳಿದೆವು:
ಬಿ ಕೋಶಗಳು ಹುಟ್ಟುವುದು ಮೂಳೆಯೊಳಗೆ.
ಒಂದೊಂದಕ್ಕೆ ಒಂದೇ ಮುಖದ ಗುರುತು.
ಮನೆಯವರ ಮೇಲೇ ಎಗರುವಂಥವನ್ನು
ತವರಿನಲ್ಲೇ ತಡೆಯುತ್ತಾರೆ, ಹೊಸಿಲು ದಾಟಗೊಡುವುದಿಲ್ಲ.
ಉಳಿದವು ರಕ್ತದಲ್ಲಿ ಅಲೆಯುತ್ತವೆ,
ಎಷ್ಟಕ್ಕೋ ಬದುಕಿಡೀ ಕೆಲಸವೇ ಬರುವುದಿಲ್ಲ.
ಚಿಕ್ಕವಳಿದ್ದಾಗ ಬಂದ ದಡಾರ
ಮತ್ತೆ ಬರಲಿಲ್ಲವಲ್ಲ, ಅದು ಅವುಗಳ ನೆನಪು.

ತೊರೆಯಲ್ಲಿ ನೀನು ಬಟ್ಟೆ ಒಗೆಯುವಾಗ
ಕರಿನೊಣ ಕಚ್ಚಿತು, ಜೊಲ್ಲು ಬಿಟ್ಟುಹೋಯಿತು.
ಒಂದು ಕೋಶಕ್ಕೆ ಆ ಮುಖ ಗೊತ್ತಾಯಿತು.
ಒಂದು ಹೋಗಿ ಸಾವಿರವಾಗಿ
ಕವಲುಗೋಲುಗಳನ್ನು ಕೆತ್ತಿ ಕೆತ್ತಿ ಎಸೆಯಿತು,
ಕಡಿತಕ್ಕೊಮ್ಮೆ ಇನ್ನಷ್ಟು ಚೂಪಾಗಿ.
ಹಾಗೆ ಕೆತ್ತುವಾಗ ಎಲ್ಲೋ ಒಂದು ಕೂದಲೆಳೆ ತಪ್ಪಿತು.
ಚರ್ಮಕ್ಕೆ ಚರ್ಮವನ್ನು ಹಿಡಿದ ಗುಂಡಿಗಳಿಗೂ
ಜೊಲ್ಲಿನದೇ ಮುಖ
ಇರಬಹುದು. ಪೂರ್ತಿ ಗೊತ್ತಿಲ್ಲ, ಎಂದರು ಡಾಕ್ಟರ್.

ಅವಳು ಬಹಳ ಹೊತ್ತು ಮಾತಾಡಲಿಲ್ಲ.
'ಹಾಗಾದರೆ ನೊಣಕ್ಕೂ ನನಗೂ
ಯಾವುದೋ ಕಾಲದ ನಂಟಿರಬೇಕು.'
ನಕ್ಕರೆ ಕೆನ್ನೆ ಬಿರಿಯುತ್ತಿತ್ತು. ಆದರೂ ನಕ್ಕಳು.

ಔಷಧಿ ಹನಿಹನಿಯಾಗಿ, ಐದು ತಾಸು.
ತಪ್ಪು ಯಾರದೆಂದು ಅದು ವಿಚಾರಿಸುವುದಿಲ್ಲ,
ಕಂಡ ಕಂಡ ಬಿ ಕೋಶವನ್ನೆಲ್ಲ ಒಯ್ಯುತ್ತದೆ,
ದಡಾರದ ಮುಖ ಬಲ್ಲವನ್ನೂ
ಇನ್ನೂ ಯಾರ ಮುಖವನ್ನೂ ನೋಡದವನ್ನೂ.
ಯಾರು ಕೆಮ್ಮಿದರೂ ದೂರ ಇರು, ಎಂದೆ, ಆರು ತಿಂಗಳು.
'ಒಂದು ನಾಯಿ ಕಚ್ಚಿತೆಂದು
ಊರ ನಾಯಿಗಳನ್ನೆಲ್ಲ ಲಾರಿಗೆ ತುಂಬಿದ ಹಾಗೆ,' ಎಂದಳು.
ಹೌದು. ಇದಕ್ಕಿಂತ ಚೆನ್ನಾಗಿ ಹೇಳಲು
ನನಗೂ ಬರುವುದಿಲ್ಲ.

ಡಿಸೆಂಬರಿನಲ್ಲಿ ಪೇಟೆಯಲ್ಲಿ ಕಂಡಳು,
ಪೆಕಿ ಹಣ್ಣು ಗುಡ್ಡೆ ಹಾಕಿಕೊಂಡು,
ಗೋಡೆಗೆ ಪೂರ್ತಿ ಬೆನ್ನು ಕೊಟ್ಟು.
ಮಣಿಕಟ್ಟಿನ ಮೇಲೆ ನೊಣ ಕೂತಿತು.
ಹೊಡೆಯಲಿಲ್ಲ, ಊದಿದಳು.
ಗುಡ್ಡೆಗೆ ಎಷ್ಟು, ಎಂದು ಕೇಳಿದೆ.
ನನಗೂ ಒಂದು ಕಾಸು ಇಳಿಸಲಿಲ್ಲ.