ಹಿಂದಿನ ಸಾಲಿನಿಂದ ಒಂದು ಪ್ರಶ್ನೆ

ಭಾಷಣ ನನ್ನದಲ್ಲ, ಮೈಕು ನನ್ನದು.
ಅದೂ ನನ್ನದಲ್ಲ, ಡಂಡೀ ನಗರದ ಗ್ರಂಥಾಲಯದ್ದು;
ಗುರುವಾರ ಸಂಜೆ ಎರಡು ಗಂಟೆ
ಕೈ ಎತ್ತಿದವರ ಹತ್ತಿರ ಅದನ್ನು ಹೊತ್ತೊಯ್ಯುವುದಷ್ಟೇ ನನ್ನ ಪಾಲು.

ಮೂರು ಚಳಿಗಾಲ ಹೊತ್ತಿದ್ದೇನೆ.
ಕೈ ನೋಡಿ ಹೇಳಬಲ್ಲೆ ಈಗ:
ಕಿವಿಯ ಮಟ್ಟಕ್ಕೆ ಎದ್ದ ಕೈಗೆ ನಿಜಕ್ಕೂ ಅನುಮಾನವಿದೆ,
ಪೆನ್ನು ಹಿಡಿದೇ ಎದ್ದ ಕೈಗೆ ತಾನು ಬರೆದ ಪುಸ್ತಕವಿದೆ.
‘ಪ್ರಶ್ನೆಯಲ್ಲ, ಒಂದು ಅನಿಸಿಕೆ’ ಅಂದವರಿಂದ
ಮೈಕು ಬಿಡಿಸಿಕೊಳ್ಳುವುದು
ಮಗುವಿನ ಬಾಯಿಂದ ಗೋಲಿ ತೆಗೆದ ಹಾಗೆ:
ನಗುತ್ತಲೇ, ಆದರೆ ಬೇಗ.

ಮತದ ಬಗ್ಗೆ ಕೇಳಿದ್ದೇವೆ, ಮನೆಬಾಡಿಗೆಯ ಬಗ್ಗೆ,
ಟೇ ನದಿ ಉಬ್ಬಿ ಬರುವ ಬಗ್ಗೆ
(ಅವತ್ತು ಸೂರೂ ಸೋರುತ್ತಿತ್ತು;
ಬಕೆಟ್ಟಿನ ಟಪ್ ಟಪ್ಪಿಗೇ ಹೆಚ್ಚು ಜನ ತಲೆದೂಗಿದರು).
ಈ ವಾರ ಯಂತ್ರಗಳ ಸರದಿ.

ಎಡಿನ್‌ಬರೋದಿಂದ ಬಂದ ಡಾಕ್ಟರ್ ಆಯ್ಲ್ಸಾ ರಾಟ್ರೇ
ಒದ್ದೆ ಕೋಟನ್ನು ಕುರ್ಚಿಯ ಬೆನ್ನಿಗೆ ಹೊದಿಸಿ
ಸಂಘಟಕರ ಹತ್ತಿರ ಬಾಗಿ ಏನೋ ಅಂದರು,
ಎದೆಯ ಮೈಕು ಸಿಕ್ಕಿಸಿಕೊಳ್ಳುವ ಮೊದಲು.
ಆಮೇಲೆ ಶುರು.

ಕ್ಯಾಮೆರಾ ಮುಖ ಗುರುತಿಸುತ್ತದೆ, ಅದು ಹಳೆಯ ಸುದ್ದಿ.
ಈಗ ತುಟಿಯನ್ನೂ ಓದುತ್ತದೆ. ದನಿಯೇ ಬೇಡ.
ಬಸ್‌ಸ್ಟಾಪಿನಲ್ಲಿ ನೀವು ಗೊಣಗಿದ್ದು,
ಕಿಟಕಿಯ ಗಾಜಿನಾಚೆ ಜಗಳವಾಡಿದ್ದು,
ನಿದ್ದೆಗಣ್ಣಲ್ಲಿ ದೇವರಿಗೆ ಅಂದದ್ದು,
ಎಲ್ಲ ಅಕ್ಷರವಾಗಿ ಯಾರದೋ ಮೇಜಿನ ಮೇಲೆ.
“ಮನುಷ್ಯರ ಚರಿತ್ರೆಯಲ್ಲಿ ಇದೇ ಮೊದಲು,” ಅಂದರು.

ಹಿಂದಿನ ಸಾಲಿನ ಮೂವರು ಮುದುಕಿಯರು
ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟೆ.

ಪೆನ್ನಿನ ಕೈಗಳೆಲ್ಲ ಮುಗಿದ ಮೇಲೆ
ಒಂದು ಕೈ, ಕಿವಿಯ ಮಟ್ಟಕ್ಕೆ: ಎಫೀ ದುಥೀ,
ಎಂಬತ್ತನಾಲ್ಕು ವರ್ಷ, ಹದಿನೈದಕ್ಕೇ ಸೆಣಬಿನ ಗಿರಣಿ ಸೇರಿದವಳು.
ಓಡಿಹೋಗಿ ಮೈಕು ಚಾಚಿದೆ.
ಇನ್ನು ಸಾಕೆಂದು ಕಪ್ಪಿನ ಮೇಲೆ ಅಂಗೈ ಮುಚ್ಚುವ ಹಾಗೆ
ಅದರ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದಳು.

ಎದ್ದು ನಿಂತು ಮಾತಾಡಿದಳು. ದನಿಯಿಲ್ಲ.
ತುಟಿ ಮಾತ್ರ.
ಸಭೆಯೆಲ್ಲ ನನ್ನತ್ತ ತಿರುಗಿತು, ಮೈಕು ಕೆಟ್ಟಿತೆಂದು.
ಬೆರಳಲ್ಲಿ ತಟ್ಟಿದೆ. ಡಬ್ ಡಬ್. ಜೀವವಿತ್ತು.
ಪಕ್ಕದವರಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಆಮೇಲೆ ದನಿ ತೆಗೆದಳು, ನಿಧಾನ:

“ಒಂದೇ ಕೋಣೆಯಲ್ಲಿ ನೂರಿಪ್ಪತ್ತು ಮಗ್ಗ ಬಡಿಯುವಾಗ
ದನಿ ಯಾರಿಗೆ ಬೇಕಿತ್ತು, ಮಗಳೇ?
ಯಾರ ಗಂಡ ಕುಡಿದು ಬಂದ, ಯಾರಿಗೆ ತಿಂಗಳು ತಪ್ಪಿತು,
ಸೋಮವಾರ ಮಗ್ಗ ನಿಲ್ಲಿಸುವುದೋ ಬೇಡವೋ,
ಎಲ್ಲ ತುಟಿಯಲ್ಲಿ, ಬೆರಳಲ್ಲಿ.
ಮೇಸ್ತ್ರಿ ನಮ್ಮ ನಡುವೆಯೇ ಓಡಾಡುತ್ತಿದ್ದ. ಅವನು ಕುರುಡನಲ್ಲ,
ಓದಲು ಬರುತ್ತಿರಲಿಲ್ಲ.
ನಾವು ಓದಿದ್ದು ಒಬ್ಬರು ಇನ್ನೊಬ್ಬರಿಗಾಗಿ.
ನಿನ್ನ ಯಂತ್ರ ಯಾರಿಗಾಗಿ ಓದುತ್ತದೆ? ಇದು ಪ್ರಶ್ನೆ.

“ಇನ್ನೊಂದು. ಶುರುವಿಗೆ ಮುಂಚೆ ನೀನು ಅವರಿಗೆ ಅಂದದ್ದು:
‘ಎಲ್ಲ ಮುದುಕರೇ. ಬೇಗ ಮುಗಿಸಿದರೆ ಏಳೂವರೆಯ ರೈಲು ಸಿಗುತ್ತೆ.’
ಗಾಬರಿಯಾಗಬೇಡ, ಗುರುವಾರ ಅದು ಯಾವಾಗಲೂ ತಡ.
ಇದು ಪ್ರಶ್ನೆಯಲ್ಲ,
ಒಂದು ಅನಿಸಿಕೆ.”

ಆಯ್ಲ್ಸಾ ರಾಟ್ರೇ ಎದೆಯ ಮೈಕು ಕಳಚಿಟ್ಟರು.
ವೇದಿಕೆಯ ಅಂಚಿಗೆ ಬಂದು, ಕೆನ್ನೆ ಕೆಂಪಗೆ,
ಏನೋ ಹೇಳಿದರು, ತುಸು ಉದ್ದವಾಗಿಯೇ.
ನಮಗೆ ಯಾರಿಗೂ ಕೇಳಿಸಲಿಲ್ಲ.
ಹಿಂದಿನ ಸಾಲು ಮಾತ್ರ ಗಮನವಿಟ್ಟು ನೋಡಿ
ಕೊನೆಗೆ ತಲೆಯಾಡಿಸಿತು.

ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ ಎಫೀಯನ್ನು ಕೇಳಿದೆ:
“ಮೊದಲು, ದನಿಯಿಲ್ಲದೆ, ಏನು ಹೇಳಿದಿರಿ?”
ಅವಳು ನನ್ನ ಜೇಬಿನಿಂದ ಇಣುಕುವ ಮೈಕಿನ ಕಡೆ ನೋಡಿದಳು,
ಕೆಂಪು ದೀಪ ಇನ್ನೂ ಉರಿಯುತ್ತಿತ್ತು.
ಆರಿಸಿದೆ.

ತುಟಿ ಅಲುಗಿತು.
ನನಗೆ ಸಿಕ್ಕಿದ್ದು ಒಂದೇ ಪದ,
ಅದೂ ಬಹುಶಃ ತಪ್ಪು.