ಎರಡು ವಾಟ್

ಡಾಕ್ಟರು ಕ್ವಾರ್ಟರ್ಸ್ ಖಾಲಿ ಮಾಡಿದ ದಿನ
ಗುಜರಿ ಗಾಡಿ ಹತ್ತಿ ಕೂತಿದ್ದವು ಎರಡು ಸ್ಪೀಕರು.
ತೇಗದ ಮೈ, ಮುಖಕ್ಕೆ ಕಂದು ಬಟ್ಟೆ,
ಬೆನ್ನ ಮೇಲೆ ತುಕ್ಕಿನ ತಗಡು: ಎಂಟು ಓಮ್.
ಒಂಬೈನೂರು ಕೊಟ್ಟೆ. ನೈಟ್ ಡ್ಯೂಟಿ ಮುಗಿಸಿದ್ದೆ,
ಚೌಕಾಶಿಗೆ ತ್ರಾಣವಿರಲಿಲ್ಲ.
ಆಟೋದವನು ಹೊರಳಿ ಹೊರಳಿ ನೋಡಿದ:
"ಸಿಸ್ಟರ್, ಇದರಾಗ ಯಾರ್ನ ತುಂಬೀರಿ?"

ಬಾಯಿ ಬಂತು ಮನೆಗೆ. ಉಸಿರು ಬೇಕಲ್ಲ.
ಭಿಸಿ ಎತ್ತಿದ್ದು ನಾಲ್ಕು ಸಾವಿರ,
ಗ್ಯಾಸು, ಹಾಲಿನವ, ಅಕ್ಕನ ಮಗಳ ಕುಬುಸದ ಸೀರೆ ಕಳೆದು
ಆಂಪ್ಲಿಫೈಯರಿಗೆ ಉಳಿದದ್ದು ಎರಡು ಸಾವಿರದ ಆರುನೂರು.

ಸೂಪರ್ ಮಾರ್ಕೆಟಿನ ಮೊದಲ ಅಂಗಡಿಯ ಹುಡುಗ
ನೀಲಿ ದೀಪ ಕುಣಿಸಿ ತೋರಿಸಿದ,
"ಐದು ಸಾವಿರ ವಾಟ್ ಅದರಿ ಅಕ್ಕಾ!"
ಎತ್ತಿ ನೋಡಿದೆ.
ತಿಂಗಳು ತುಂಬದ ಕೂಸಿನಷ್ಟೂ ತೂಕವಿಲ್ಲ.
ಹದಿನಾರು ವರ್ಷ ಹೆರಿಗೆ ವಾರ್ಡು,
ನನ್ನ ಅಂಗೈಗೆ ತಕ್ಕಡಿ ಬೇಕಿಲ್ಲ.
ಇಳಿಸಿಟ್ಟೆ.

ಮುಂದಿನವನಲ್ಲಿ ಬೆಂಕಿಪೊಟ್ಟಣದಷ್ಟು ಹಸಿರು ಬೋರ್ಡು,
ಆರುನೂರೈವತ್ತು, ಚೀನಾದ್ದು. ಹಾಡಿತು, ಸುಳ್ಳು ಯಾಕೆ ಹೇಳಲಿ, ಚಂದವೇ.
ಆದರೆ ಒಂದೊಂದು ಸ್ವರದ ತುದಿಗೂ
ಸ್ಟೀಲ್ ತಟ್ಟೆಗೆ ಚಮಚ ತಾಗಿದ ಸದ್ದು.
ಹನ್ನೆರಡು ತಾಸು ಮಾನಿಟರಿನ ಟಿಂಕ್ ಟಿಂಕ್ ಹೊತ್ತು ತಂದ ಕಿವಿಗೆ
ಮನೆಯಲ್ಲೂ ಅದೇ ಬೇಡ.
ಇನ್ನೊಂದು ಜಪಾನಿನ ಹಳೇ ಆನೆ, ಒಂಬತ್ತು ಸಾವಿರ.
ಗುಂಡಿ ಎಣ್ಣೆಯಲ್ಲಿ ತಿರುಗಿದಂತೆ ತಿರುಗಿತು.
ಸುಮ್ಮನೆ ಎರಡು ಸಲ ತಿರುಗಿಸಿ
ಸೆರಗಿಗೆ ಕೈ ಒರೆಸಿಕೊಂಡು ಬಂದೆ.

ಶಾಹ್ ಬಜಾರಿನ ಖಮರುದ್ದೀನ್ ಚಾಚಾನ ಎಡಗಿವಿ
ಮೂವತ್ತು ವರ್ಷದ ಮೆರವಣಿಗೆಗಳು ತಿಂದು ಹಾಕಿವೆ.
ನಾನು ಕೂಗಿ ಹೇಳಿದ್ದು ಅವನಿಗೆ ಬೇಕಿರಲಿಲ್ಲ.
ಬಟ್ಟೆ ಸರಿಸಿ, ಸ್ಪೀಕರಿನ ಕರೀ ಕಾಗದದ ಮೇಲೆ
ಮೂರು ಬೆರಳಿಟ್ಟ,
ನಾವು ನಾಡಿಗೆ ಇಡುತ್ತೇವಲ್ಲ, ಹಾಗೆ.
"ಜೀಂವ ಅದ," ಅಂದ.
"ಎಷ್ಟು ವಾಟ್ ಬೇಕ್ರಿ ಇದಕ್ಕ?"
"ಖೋಲಿ ಎಷ್ಟು ದೊಡ್ಡದು?"
"ಹತ್ತು ಹನ್ನೆರಡು ಫೂಟು."
"ಕೇಳೋರು?"
"ನಾನು, ನಮ್ಮತ್ತಿ."
"ಎರಡು ವಾಟ್ ಸಾಕವ್ವ.
ಉಳಿದಿದ್ದೆಲ್ಲ ಓಣಿಯವರಿಗಿ ಖರ್ಚು."

ಮೇಜಿನ ಕೆಳಗಿಂದ ಎಳೆದದ್ದಕ್ಕೆ ಮುಚ್ಚಳವಿಲ್ಲ.
ತಾನೇ ಸುತ್ತಿದ ತಾಮ್ರದ ಟ್ರಾನ್ಸ್‌ಫಾರ್ಮರು,
ಹೊಟ್ಟೆ ಉಬ್ಬಿದ ಕೆಪಾಸಿಟರ್ ಎರಡನ್ನು ಕಣ್ಣೆದುರೇ ಕಿತ್ತು
ಹೊಸದು ಬೆಸೆದ. ಎರಡು ಸಾವಿರದ ನಾನೂರು.
ಎತ್ತಿದೆ. ತೂಕ ಅದೆ.
ಯಾವ ಕಂಪನಿ ಅಂತ ಕೇಳಿದೆ. ಹೆಸರಿಲ್ಲ.
ಅಡ್ಡಿಯಿಲ್ಲ, ನಮ್ಮ ವಾರ್ಡಿನಿಂದ ಎಲ್ಲರೂ
ಹೆಸರಿಲ್ಲದೆಯೇ ಮನೆಗೆ ಹೋಗುವುದು.

ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ,
ಬಿದ್ದ ಸದ್ದನ್ನೆಲ್ಲ ಮುಖಕ್ಕೇ ತಿರುಗಿ ಎಸೆಯಿತು.
ಕೌದಿ ಹಾಸಿದೆ. ಸ್ಪೀಕರುಗಳನ್ನು
ಜೋಳದ ಚೀಲಗಳ ಮೇಲೆ ಕೂರಿಸಿದೆ.
ಅತ್ತೆ ಸೊಂಟಕ್ಕೆ ಕೈ ಇಟ್ಟಳು:
"ಜ್ವಾಳ ತಿಂದಂಗ ತಿಂದಂಗ ನಿನ್ನ ಹಾಡು ಕೆಳಗಿಳೀತದ, ನೋಡ್ಕೋ."

ಬಲಗಡೆಯದು ಗುಂಯ್ ಅನ್ನುತ್ತಿತ್ತು.
ಬ್ಯಾಗಿನಿಂದ ಸ್ಟೆತಸ್ಕೋಪ್ ತೆಗೆದು ತೇಗದ ಎದೆಗಿಟ್ಟು ಕೇಳಿದೆ.
ಅರ್ಥಿಂಗ್ ವೈರು ಸಡಿಲ. ಬಿಗಿದೆ.
ಗುಂಯ್ ಇಳಿಯಿತು, ಪೂರ್ತಿ ಹೋಗಲಿಲ್ಲ.
ಮರ್ಮರವಿದ್ದೂ ಎಂಬತ್ತು ದಾಟಿದ ಹೃದಯಗಳನ್ನು ಕಂಡಿದ್ದೇನೆ,
ಬಿಟ್ಟೆ.

ಸಂಜೆ ಕರೆಂಟು ಬಂತು. ಹಾಡು ಹುಡುಕಲು ತಾಳ್ಮೆಯಿಲ್ಲದೆ
ರೇಡಿಯೋ ಹಚ್ಚಿದೆ, ಗುಂಡಿ ಒಂದು ಕೂದಲೆಳೆಯಷ್ಟು ತಿರುಗಿಸಿ.
ಮಾರುಕಟ್ಟೆ ಧಾರಣೆ.
ತೊಗರಿ ಕೆಂಪು, ತೊಗರಿ ಬಿಳಿ, ಹೆಸರು, ಕುಸುಬಿ...
ನಡುವೆ ಹಾಳೆ ಮಗುಚಿತು. ಹಾಳೆಯ ಮೂಲೆ
ಮೈಕಿಗೆ ತಾಗಿದ್ದು ಕೇಳಿಸಿತು.
ಓದುತ್ತಿದ್ದವಳು ಒಂದು ಗುಟುಕು ನುಂಗಿದ್ದು ಕೇಳಿಸಿತು.

ಬೀಸಣಿಕೆ ನಿಲ್ಲಿಸಿ ಅತ್ತೆ ಅಂದಳು,
"ಈ ಹುಡುಗಿಗಿ ನೆಗಡಿ ಆಗ್ಯಾದ."

ಹೌದು. ರಾತ್ರಿ ಜ್ವರವೂ ಬರಬಹುದು.