ಆರು ಮೊಳ

ನಮ್ಮ ತೀರದಲ್ಲಿ ಕೋಣೆಯ ಅಗಲ ಇಷ್ಟೇ ಎಂದು ಹೇಳುವುದು
ಮನೆಯ ಯಜಮಾನನಲ್ಲ, ಮೇಸ್ತ್ರಿಯಾದ ನಾನೂ ಅಲ್ಲ,
ಉಪ್ಪುನೀರ ಕೆಸರಲ್ಲಿ ನಿಂತ ಕಾಂಡ್ಲಾ ಮರ.
ಅದು ನೆಟ್ಟಗೆ ಬೆಳೆಯುವುದೇ ಆರು ಮೊಳ.
ಆಮೇಲೆ ಸೊಟ್ಟ.
ಆರು ಮೊಳದೊಳಗೇ ನಾವು ಹುಟ್ಟಿದ್ದು, ಸಾಲ ಮಾಡಿದ್ದು,
ಖಾಜಿಯ ಮುಂದೆ ಕೂತು ಅತ್ತದ್ದು.

ಥಾರ್ಲಿ ಸಾಹೇಬ ಹಡಗಿನಿಂದ ಇಳಿದಾಗ
ತಗಡಿನ ಕೊಳವೆಯಲ್ಲಿ ಸುತ್ತಿಕೊಂಡು
ಒಂದು ಇಡೀ ಕೋರ್ಟು ತಂದಿದ್ದ.
ಮರಳ ಮೇಲೆ ಬಿಡಿಸಿದ. ಗಾಳಿಗೆ ಹಾರದಿರಲಿ ಎಂದು
ನಾಲ್ಕು ಮೂಲೆಗೆ ನಾಲ್ಕು ಹವಳಗಲ್ಲು ಇಟ್ಟೆ.
ಆ ಕಟ್ಟಡದ ಮೊದಲ ಕಲ್ಲುಗಳು ಅವೇ,
ಬೆಳ್ಳಿ ಕರಣೆ ಹಿಡಿದು ಗವರ್ನರು ಇಟ್ಟದ್ದಲ್ಲ.

'ನ್ಯಾಯಕ್ಕೆ ಇಪ್ಪತ್ತು ಮೊಳ ಬೇಕು'
ದುಭಾಷಿ ಷೀ ಬಕಾರಿಯ ಬಾಯಲ್ಲಿ ಸಾಹೇಬ ಅಂದ.
ಅಷ್ಟುದ್ದದ ಮರ ದೇವರು ಮಾಡಿಲ್ಲ, ಅಂದೆ.
'ಕಬ್ಬಿಣ ಬರುತ್ತದೆ.'
ಬಂತು, ಎಂಟು ತಿಂಗಳಿಗೆ, ಹನ್ನೊಂದು ತೊಲೆ.
ಹನ್ನೆರಡನೆಯದು ಇಳಿಸುವಾಗ ಬಂದರಿನಲ್ಲೇ ಮುಳುಗಿತು.
ಇಳಿತದ ಹೊತ್ತಲ್ಲಿ ಈಗಲೂ ಕಾಣುತ್ತದೆ,
ಹುಡುಗರು ಅದರ ಮೇಲೆ ನಿಂತು ಗಾಳ ಹಾಕುತ್ತಾರೆ.

ತೆಂಗಿನ ಬೊಡ್ಡೆ ಒಟ್ಟಿ, ಹವಳ ಸುರಿದು, ಬೆಂಕಿ ಕೊಟ್ಟೆವು.
ಮೂರು ರಾತ್ರಿ ಊರಿಗೆಲ್ಲ ಸಮುದ್ರ ಸುಟ್ಟ ವಾಸನೆ.
ಸುಣ್ಣ ಮಣ್ಣಲ್ಲಿ ಮೂರು ತಿಂಗಳು ಮಲಗಲಿ, ಅಂದೆ.
ಮೂರು ವಾರ, ಅಂದ.
ಅದಕ್ಕೇ ಪಡುವಣ ಗೋಡೆ ಇವತ್ತಿಗೂ
ಹಳೇ ಗಾಯದ ಹಾಗೆ ಬಿಳಿ ಹಕ್ಕಳೆ ಉದುರಿಸುತ್ತದೆ.

ಬಾಗಿಲು ಮೂರು:
ಜಡ್ಜಿಗೆ, ಜನಕ್ಕೆ, ಕೈದಿಗೆ.
ಗೆದ್ದವನು ಯಾವುದರಿಂದ ಹೊರಗೆ ಹೋಗೋದು?
ಷೀ ಬಕಾರಿ ಅದನ್ನು ಅನುವಾದಿಸಲಿಲ್ಲ.

ಕಟಕಟೆಯ ಎತ್ತರ ನೋಡಲು ನನ್ನನ್ನೇ ನಿಲ್ಲಿಸಿದರು.
'ಬಲಗೈ ಎತ್ತು.' ಎತ್ತಿದೆ.
'ಇಳಿಸು.' ಪೆನ್ಸಿಲಿನಿಂದ ನನ್ನ ಎದೆಯ ಮಟ್ಟಕ್ಕೆ
ಬಡಗಿ ಒಂದು ಗೆರೆ ಹಾಕಿಕೊಂಡ.

ಕೊನೆಗೆ ಸುಣ್ಣ ಮಿಕ್ಕಿತು, ಕಲ್ಲೂ ಮಿಕ್ಕಿತು.
ಹೊರಗೋಡೆಗೆ ಒತ್ತಿ ಉದ್ದಕ್ಕೂ ಒಂದು ಕಟ್ಟೆ ಕಟ್ಟಿಬಿಟ್ಟೆ,
ಎಲ್ಲ ಮನೆಗೂ ಕಟ್ಟುವಂಥದ್ದು, ಕೂತವರ ಬೆನ್ನಿಗೆ ತಂಪು.
'ಇದು ನಕ್ಷೆಯಲ್ಲಿಲ್ಲ.'
ಗೋಡೆಯ ಕಾಲಿಗೆ ತೇವ ಹತ್ತದಿರಲಿ ಅಂತ ಸಾಹೇಬ್ರೆ.
ಅವನು ನನ್ನ ಮುಖ ನೋಡಿದ, ಕಟ್ಟೆ ನೋಡಿದ,
ಕೆಂಪು ಶಾಯಿಯಲ್ಲಿ ಗೆರೆ ಎಳೆದ.
ಆಮೇಲೆ ಅಲ್ಲೇ ಕೂತು ಬೂಟಿನ ಮರಳು ಕೊಡವಿದ.

ಆರನೆಯದೋ ಏಳನೆಯದೋ ಮೊಕದ್ದಮೆ, ನನ್ನದು.
ಕಬ್ಬಿಣದ ಮಾತು ಬರುವ ಮೊದಲೇ
ಮುನ್ನೂರು ಕಾಂಡ್ಲಾ ಕಡಿಯಲು ಹೇಳಿದ್ದೆ, ಬಾಯಿಮಾತಲ್ಲಿ.
ಕಡಿದವನು ಬ್ವಾನಾಹೇರಿ, ನನ್ನ ತಾಯಿಯ ಕಡೆಯವ.
ಮರ ದಂಡೆಯಲ್ಲಿ ಬಿದ್ದಿತ್ತು, ಹಣ ಯಾರೂ ಕೊಟ್ಟಿರಲಿಲ್ಲ.
ಸರ್ಕಾರದ ಮೇಲೆ ಹಾಕಲು ಬರುವುದಿಲ್ಲವಂತೆ,
ನನ್ನ ಮೇಲೆ ಹಾಕಿದ. ತಪ್ಪಲ್ಲ.

ಕಟಕಟೆಯಲ್ಲಿ ನಿಂತೆ.
ಬೇರೆಯವರಿಗೆ ಹೇಗೋ ಗೊತ್ತಿಲ್ಲ,
ನನಗೆ ಸರಿಯಾಗಿತ್ತು.
ಮಾಳಿಗೆ ಎಷ್ಟೋ ಮೇಲೆ. ನಾನು 'ಹೌದು' ಅಂದರೆ
ಗೋಡೆ 'ಹೌದು, ಹೌದು' ಅಂದಿತು.
ಮೊದಲು ಮೆಲ್ಲಗೆ ಹೇಳಿದ್ದು ಸುಳ್ಳೋ, ಆಮೇಲಿನದೋ ಎಂಬಂತೆ
ಜಡ್ಜಿ ತಲೆಯೆತ್ತಿ ನೋಡಿದ.
ನಲವತ್ತು ರೂಪಾಯಿ, ಮೇಲೆ ಕೋರ್ಟಿನ ಖರ್ಚು.

ಹೊರಗೆ ಬಂದಾಗ ಬ್ವಾನಾಹೇರಿ ಕಟ್ಟೆಯ ಮೇಲಿದ್ದ.
ಗೆದ್ದ ಮುಖ ಅಲ್ಲ ಅದು.
ಎಲೆಯಡಿಕೆಯ ಚೀಲ ನನ್ನ ಕಡೆ ಸರಿಸಿದ.
ಅಸರ್ ನಮಾಜಿನ ಕೂಗು ಬಂತು, ಹೋಯಿತು.
ಮಗಳಿಗೆ ಮನೆ ಬೇಕು, ಅಂದ.
ಮರ ನಿನ್ನದೇ ಇದೆಯಲ್ಲ, ಅಂದೆ.
ನಲವತ್ತರಲ್ಲಿ ಎಷ್ಟು ಮುರಿದುಕೊಂಡೆವು, ಏನು ಬಿಟ್ಟೆವು,
ಅದು ಯಾವ ದಫ್ತರದಲ್ಲೂ ಇಲ್ಲ.

ಕಬ್ಬಿಣಕ್ಕೆ ಈಗ ಉಪ್ಪು ಹತ್ತಿದೆ,
ಮಧ್ಯದ ತೊಲೆ ತುಕ್ಕು ಕಾರುತ್ತಿದೆ ಜಡ್ಜಿಯ ಕಾಗದದ ಮೇಲೆ.
ಕರೆದರೆ ಹೋಗಿ ಬಣ್ಣ ಬಳಿದು ಬರುತ್ತೇನೆ.
ಬರುವಾಗ ಆ ಹುಡುಗಿಯ ಮನೆ ಹೊಗುತ್ತೇನೆ, ನೀರಿಗೆ.
ತಲೆಗೆ ತಾಗುವ ಹಾಗೆ ಮರ,
ಚಾಪೆ ಹಾಸಿದರೆ ಮುಗಿಯಿತು ನೆಲ.
ಅಲ್ಲಿ ಒಂದು ಸಲ ಅಂದದ್ದು
ಒಂದೇ ಸಲ ಕೇಳುತ್ತದೆ.